ಗೈಡ್ಸ್ ಸೇರಿದರೆ ಹುಡುಗಿಯರಿಗೆ ಮುಂದೆ ಉಪಯೋಗ ಆಗುತ್ತಾ?

ಮಗಳು ಗೈಡ್ಸ್ (ಸ್ಕೌಟ್ಸ್ ಥರದ ಹುಡುಗಿಯರ ಸಂಘಟನೆ) ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಸರ್ಟಿಫಿಕೇಟ್ ಬಿಟ್ಟು ಅದರಿಂದ ಏನು ಸಿಗುತ್ತೆ ಅಂತ ಕೇಳಿದ್ದೀರಿ. ದಯವಿಟ್ಟು ಸೇರಿಸಿ. ನಾನೂ ಶಾಲೆಯಲ್ಲಿ ಗೈಡ್ ಆಗಿದ್ದೆ, ಅಲ್ಲಿ ಕಲಿತದ್ದು ಇವತ್ತಿಗೂ ಕೈ ಹಿಡಿಯುತ್ತಿದೆ.

ಗಂಟು ಹಾಕೋದು, ಪ್ರಥಮ ಚಿಕಿತ್ಸೆ ಎಲ್ಲ ಒಳ್ಳೆಯದೇ. ಆದರೆ ನಿಜವಾದ ಲಾಭ ಇರುವುದು ಪ್ಯಾಟ್ರೋಲ್ (ಸಣ್ಣ ದಳ) ಪದ್ಧತಿಯಲ್ಲಿ. ಆರರಿಂದ ಎಂಟು ಹುಡುಗಿಯರ ಸಣ್ಣ ಗುಂಪು, ಅವರಲ್ಲೇ ಒಬ್ಬಳು ಲೀಡರ್. ಒಂದು ಶಿಬಿರದಲ್ಲಿ ರಾತ್ರಿ ಮಳೆ ಶುರುವಾಯಿತು. ನಾರಿನ ಹಗ್ಗ ನೆನೆದರೆ ಬಿಗಿಯುತ್ತೆ, ಸಡಿಲ ಮಾಡದಿದ್ದರೆ ಗೂಟ ಕಿತ್ತು ಟೆಂಟೇ ಕುಸಿಯಬಹುದು. ನಮ್ಮ ಲೀಡರ್‌ಗೆ ಆಗ ಹದಿಮೂರು ವರ್ಷ ಇರಬೇಕು. ಎಲ್ಲರನ್ನೂ ಎಬ್ಬಿಸಿ, ಯಾರು ಯಾವ ಕಡೆ ಹಗ್ಗ ನೋಡಬೇಕು ಅಂತ ಚಕಚಕನೆ ಹೇಳಿದಳು. ಟೀಚರ್ ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದರು, ನಡುವೆ ಬಾಯಿ ಹಾಕಲಿಲ್ಲ.

ಹುಡುಗರೂ ಇರುವ ಕಡೆ ಸುತ್ತಿಗೆ ಹುಡುಗನ ಕೈಗೆ, ಸೌಟು ಹುಡುಗಿಯ ಕೈಗೆ ತಾನಾಗಿಯೇ ಹೋಗಿಬಿಡುತ್ತೆ, ಅಲ್ವಾ? ಇಲ್ಲಿ ಹಾಗಾಗಲ್ಲ. ಗೂಟ ಹೊಡೆಯೋದು, ಲೆಕ್ಕ ಬರೆಯೋದು, ಜಗಳ ಬಿಡಿಸೋದು, ಎಲ್ಲರೆದುರು ಎದ್ದು ಮಾತಾಡೋದು ಎಲ್ಲವೂ ಸರದಿ ಪ್ರಕಾರ ಹುಡುಗಿಯರ ಪಾಲಿಗೇ ಬರುತ್ತೆ. ಇವತ್ತು ಆಫೀಸಿನ ಮೀಟಿಂಗ್‌ನಲ್ಲಿ 'ಇದು ಸರಿಯಿಲ್ಲ' ಅಂತ ಹೇಳುವಾಗ ನನ್ನ ದನಿ ನಡುಗದಿರುವುದಕ್ಕೆ ಆ ಅಭ್ಯಾಸವೇ ಕಾರಣ.

ಇದನ್ನು ಹುಡುಗಿಯರೇ ಕೇಳಿ ಪಡೆದದ್ದು ಅನ್ನುವುದೂ ನನಗೆ ತುಂಬಾ ಇಷ್ಟ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಹುಡುಗರ ಸ್ಕೌಟ್ ಮೇಳಕ್ಕೆ ಕೆಲವು ಹುಡುಗಿಯರು ತಾವಾಗಿಯೇ ಬಂದು, ನಾವೂ ಸ್ಕೌಟ್‌ಗಳೇ ಅಂದರು. ಮರುವರ್ಷ ಗೈಡ್ಸ್ ಶುರುವಾಯಿತು. ಅದನ್ನು ಮೊದಲು ನಡೆಸಿದವರು ಸ್ಕೌಟ್ಸ್ ಶುರುಮಾಡಿದ ಬೇಡನ್ ಪೊವೆಲ್‌ರ ತಂಗಿ ಆಗ್ನೆಸ್. ಈಗ ಸುಮಾರು 150 ದೇಶಗಳಲ್ಲಿದೆ.

ಆದರೆ ಎಲ್ಲ ಘಟಕಗಳೂ ಒಂದೇ ಥರ ಇರಲ್ಲ. ಬರೀ ಧ್ವಜಾರೋಹಣಕ್ಕೆ ಸಾಲಾಗಿ ನಿಲ್ಲಿಸುವ ಕಡೆ ಇದೆಲ್ಲ ಜಾಸ್ತಿ ಸಿಗಲ್ಲ. ಸೇರಿಸುವ ಮುಂಚೆ ಒಂದು ದಿನ ಹೋಗಿ ಕೂತು ನೋಡಿ. ಟೀಚರೇ ಉದ್ದಕ್ಕೂ ಮಾತಾಡ್ತಾರಾ, ಮಕ್ಕಳು ಸುಮ್ನೆ ಕೇಳ್ತಾರಾ? ಹಾಗಿದ್ದರೆ ಬೇರೆ ಘಟಕ ಹುಡುಕಿ. ಶಿಬಿರಕ್ಕೆ ಜೊತೆಯಲ್ಲಿ ಯಾವ ಮಹಿಳಾ ಶಿಕ್ಷಕರು ಬರ್ತಾರೆ ಅಂತಲೂ ಕೇಳಿ, ಸಂಕೋಚ ಬೇಡ.