ಸಿಟ್ಟು ಸ್ವಭಾವದ ದೋಷವೇ?

ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನಲ್ಲಿರುವ ನಿಮ್ಮ ಗದ್ದೆಗೆ ನೀರು ತಲುಪದಿದ್ದಾಗ ಉಕ್ಕುವ ಸಿಟ್ಟು ರಾತ್ರಿ ಮಕ್ಕಳ ಮೇಲೆ ತಿರುಗುತ್ತದೆ, ಇದು ಸ್ವಭಾವದ ದೋಷವೇ ಎಂದು ಕೇಳಿದ್ದೀರಿ. ಸಿಟ್ಟು ದೋಷವಲ್ಲ, ನಮಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ, ಅದಕ್ಕೆ ಯಾರೋ ಹೊಣೆ ಎಂಬ ತೀರ್ಮಾನವೊಂದು ಅದರೊಳಗೇ ಅಡಗಿರುತ್ತದೆ. ಆದ್ದರಿಂದಲೇ ಮಳೆ ಕೈಕೊಟ್ಟು ಪೈರು ಒಣಗಿದರೆ ದುಃಖವಾಗುತ್ತದೆ, ಮೇಲಿನ ಗದ್ದೆಯವರು ರಾತ್ರೋರಾತ್ರಿ ತೂಬು ಎತ್ತಿಕೊಂಡದ್ದರಿಂದ ಒಣಗಿದರೆ ಮೈ ಉರಿಯುತ್ತದೆ. ತಕ್ಕ ಕಾರಣಕ್ಕೆ, ತಕ್ಕವರ ಮೇಲೆ, ತಕ್ಕಷ್ಟೇ ಸಿಟ್ಟಾಗುವವನು ಮೆಚ್ಚುಗೆಗೆ ಅರ್ಹನೆಂದು ಅರಿಸ್ಟಾಟಲ್ ಹೇಳಿದ್ದಾನೆ. ನಿಮ್ಮಲ್ಲಿ ತಪ್ಪಿರುವುದು ‘ತಕ್ಕವರ ಮೇಲೆ’ ಎಂಬುದೊಂದೇ, ಆದರೆ ಅದು ಸಣ್ಣ ತಪ್ಪಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಏನೂ ಅರಿಯದ ಮಕ್ಕಳು ಅದನ್ನು ಉಣ್ಣುತ್ತಾರೆ. ಇದರಲ್ಲಿ ದೇಹದ ಪಾಲೂ ಇದೆ: ಅಡ್ರಿನಲಿನ್ ಎಂಬ ಹಾರ್ಮೋನು ಏರಿ, ಎದೆಬಡಿತ ಹೆಚ್ಚಿ, ದವಡೆ ಬಿಗಿದ ಮೈ ಜಗಳ ಮುಗಿದೊಡನೆ ತಣಿಯುವುದಿಲ್ಲವಾದ್ದರಿಂದ, ಮಗು ಒಂದು ಲೋಟ ನೀರು ಚೆಲ್ಲಿದರೂ ಅಬ್ಬರಿಸುವಂತಾಗುತ್ತದೆ. ಕೂಗಾಡಿದರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆಯನ್ನು ಮನಶ್ಶಾಸ್ತ್ರದ ಪ್ರಯೋಗಗಳು ಎತ್ತಿಹಿಡಿದಿಲ್ಲ. ಹಾಗೆ ಮಾಡಿದಾಗ ಸಿಟ್ಟು ಹೆಚ್ಚಿದ್ದೂ ಉಂಟು. ಮೈ ತಣಿದ ಮೇಲಷ್ಟೇ ಮನೆಯೊಳಗೆ ಕಾಲಿಡಿ. ನೀರಿನ ದೂರನ್ನು ನೀರು ಬಳಕೆದಾರರ ಸಂಘಕ್ಕೂ ನೀರಾವರಿ ಇಲಾಖೆಗೂ ಬರವಣಿಗೆಯಲ್ಲಿ ಕೊಡಿ, ಅಲ್ಲಿ ಮಾತ್ರ ಪಟ್ಟು ಸಡಿಲಿಸಬೇಡಿ.