ಈಸ್ಟಿನ ಮೊಗ್ಗು ಒಂದೇ ಕಡೆ ಬೆಳೆಯೋದು ಹೇಗೆ?

ಪ್ರಶ್ನೆ: ಬೇಕರಿಯಿಂದ ತಂದ ಈಸ್ಟನ್ನು ಸಕ್ಕರೆ ನೀರಿನಲ್ಲಿ ನೆನೆಸಿ ಮಕ್ಕಳಿಗೆ ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಜೀವಕೋಶದ ಒಂದು ಬದಿ ಉಬ್ಬಿ ಮೊಗ್ಗಾಗುತ್ತದೆ, ಅದೇ ಬೆಳೆದು ಹೊಸ ಜೀವಕೋಶ. ಒಬ್ಬ ಹುಡುಗಿ, "ಮೇಡಂ, ಜೀವಕೋಶ ಸುತ್ತಲೂ ಯಾಕೆ ಉಬ್ಬಲ್ಲ? ಮೊಗ್ಗಿಗೆ ಬೇಕಾದ ಸಾಮಾನು ಸರಿಯಾಗಿ ಅಲ್ಲಿಗೇ ಹೇಗೆ ಹೋಗುತ್ತೆ?" ಎಂದು ಕೇಳಿದಳು. ಇದನ್ನು ಮಾಡಿಸುವ ಆಕ್ಟಿನ್ ಎಂಬ ಪ್ರೋಟೀನಿನ ಬಗ್ಗೆ ಪುಸ್ತಕದಲ್ಲಿ ಇರುವುದು ಒಂದೇ ಸಾಲು. ಬಿಡಿಸಿ ಹೇಳುತ್ತೀರಾ? ಆಕ್ಟಿನ್ ನಮ್ಮ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆಯೇ?
– ಪಿಯು ಉಪನ್ಯಾಸಕಿ, ತೀರ್ಥಹಳ್ಳಿ

ಉತ್ತರ: ಆ ಹುಡುಗಿಗೆ ನನ್ನ ಶಹಭಾಸ್ ಹೇಳಿ ಮೇಡಂ. ಇದಕ್ಕೆ ಉತ್ತರ ಹುಡುಕುತ್ತಾ ಎಷ್ಟೋ ವಿಜ್ಞಾನಿಗಳು ಜೀವಮಾನವನ್ನೇ ಕಳೆದಿದ್ದಾರೆ.

ಬೇಕರಿ ಈಸ್ಟಿನಲ್ಲಿ ಆಕ್ಟಿನ್ ತಯಾರಿಸುವ ಜೀನ್ ಒಂದೇ ಒಂದು. ಅದು ಕೆಟ್ಟರೆ ಜೀವಕೋಶ ಬದುಕುವುದಿಲ್ಲ. ಸಣ್ಣ ಸಣ್ಣ ಆಕ್ಟಿನ್ ಕಣಗಳು ಸಾಲಾಗಿ ಕೂಡಿಕೊಂಡು ಎಳೆಯಾಗುತ್ತವೆ. ಎಳೆಯ ದಪ್ಪ ಸುಮಾರು 7 ನ್ಯಾನೋಮೀಟರ್. ಆದರೆ ಎಳೆ ಎಲ್ಲಿ ಹುಟ್ಟಬೇಕು, ಎಷ್ಟು ಉದ್ದ ಬೆಳೆಯಬೇಕು, ಯಾವಾಗ ಮುರಿಯಬೇಕು ಅನ್ನೋದು ಆಕ್ಟಿನ್ ಕೈಯಲ್ಲಿಲ್ಲ. ಅದನ್ನು ತೀರ್ಮಾನಿಸುವುದು ಸುತ್ತಲಿನ ಬೇರೆ ಪ್ರೋಟೀನುಗಳು.

ಮೊದಲು ಸಿಡಿಸಿ42 ಎಂಬ ಪ್ರೋಟೀನ್ ಜೀವಕೋಶದ ಪೊರೆಯ ಒಂದು ಜಾಗದಲ್ಲಿ ಗುಂಪು ಸೇರುತ್ತದೆ. ಮೊಗ್ಗು ಬರುವುದು ಅಲ್ಲೇ. ಆಮೇಲೆ ಫಾರ್ಮಿನ್ ಎಂಬ ಗುಂಪಿನ ಪ್ರೋಟೀನುಗಳು ಕೆಲಸ ಶುರುಮಾಡುತ್ತವೆ. ಬಿಎನ್‌ಐ1 ಮೊಗ್ಗಿನ ತುದಿಯಲ್ಲಿ, ಬಿಎನ್‌ಆರ್1 ಮೊಗ್ಗಿನ ಕತ್ತಿನಲ್ಲಿ ಕೂತು ಉದ್ದುದ್ದ ಎಳೆಗಳನ್ನು ಬೆಳೆಸುತ್ತವೆ. ಪ್ರೊಫಿಲಿನ್ ಅವುಗಳಿಗೆ ಆಕ್ಟಿನ್ ಕಣ ತಂದುಕೊಡುತ್ತದೆ. ಟ್ರೋಪೋಮಯೋಸಿನ್ ಎಳೆಗೆ ಸುತ್ತಿಕೊಂಡು ಗಟ್ಟಿ ಮಾಡುತ್ತದೆ. ಹೀಗೆ ತಾಯಿ ಜೀವಕೋಶದಿಂದ ಮೊಗ್ಗಿನವರೆಗೆ ದಾರಿಗಳು ಸಿದ್ಧವಾಗುತ್ತವೆ. ಎಂವೈಒ2 ಎಂಬ ಮಯೋಸಿನ್, ಅಂದರೆ ಆಕ್ಟಿನ್ ಎಳೆಯ ಮೇಲೆ ಓಡಾಡುವ ಮೋಟಾರ್ ಪ್ರೋಟೀನ್, ಆ ದಾರಿಯಲ್ಲಿ ಹೊರೆ ಹೊತ್ತು ನಡೆಯುತ್ತದೆ. ಹೊಸ ಪೊರೆ, ಗೋಡೆ ಕಟ್ಟುವ ಸಾಮಾನು, ಮೊಗ್ಗಿನ ಪಾಲಿನ ಮೈಟೋಕಾಂಡ್ರಿಯ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಎಲ್ಲ ಹೋಗುವುದು ಹೀಗೆ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನೇರ ಉತ್ತರ ಇಷ್ಟು.

ನನಗೆ ಇದಕ್ಕಿಂತ ಜಾಸ್ತಿ ಬೆರಗು ಹುಟ್ಟಿಸುವುದು ಇನ್ನೊಂದು ಕೆಲಸ. ಅದೇ ಆಕ್ಟಿನ್ ಪೊರೆಯ ಒಳಬದಿಯಲ್ಲಿ ಪುಟ್ಟ ಚುಕ್ಕೆಗಳಾಗಿಯೂ ಸೇರುತ್ತದೆ. ಜೀವಕೋಶ ಹೊರಗಿನ ವಸ್ತುವನ್ನು ಒಳಗೆಳೆದುಕೊಳ್ಳುವುದು ಈ ಚುಕ್ಕೆಗಳಲ್ಲಿ. ಈಸ್ಟಿನ ಒಳಗೆ ಒತ್ತಡ ಬಹಳ. ಪೊರೆ ಗೋಡೆಗೆ ಒತ್ತಿಕೊಂಡೇ ಇರುತ್ತದೆ, ಹಾಗಾಗಿ ಸುಮ್ನೆ ಒಳಗೆ ಬಾಗುವುದಿಲ್ಲ. ಆಗ ಲಾಸ್17 ಎಂಬ ಪ್ರೋಟೀನ್ ಬಂದು ಆರ್ಪ್2/3 ಎಂಬ ಏಳು ಪ್ರೋಟೀನುಗಳ ಕೂಟವನ್ನು ಎಬ್ಬಿಸುತ್ತದೆ. ಈ ಕೂಟ ಹಳೆ ಎಳೆಯ ಪಕ್ಕದಿಂದ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಹೊರಡಿಸುತ್ತದೆ. ಕವಲಿಗೆ ಕವಲು ಸೇರಿ ಬಲೆಯಾಗುತ್ತದೆ. ಕ್ಯಾಪಿಂಗ್ ಪ್ರೋಟೀನ್ ತುದಿ ಮುಚ್ಚುವುದರಿಂದ ಎಳೆಗಳು ಗಿಡ್ಡವಾಗಿಯೇ ಉಳಿಯುತ್ತವೆ. ಎಸ್‌ಎಸಿ6 ಎಂಬ ಪ್ರೋಟೀನ್ ಅವನ್ನು ಒಂದಕ್ಕೊಂದು ಬಿಗಿಯುತ್ತದೆ. ಬಲೆ ಬೆಳೆಯುವ ಬಲಕ್ಕೆ ಪೊರೆ ಒಳಗೆ ಚೀಲದಂತೆ ಇಳಿದು ಕಳಚಿಕೊಳ್ಳುತ್ತದೆ. ಇಷ್ಟಕ್ಕೆಲ್ಲ ಕೆಲವೇ ಸೆಕೆಂಡು!

ಕೆಲಸ ಮುಗಿದ ಕೂಡಲೇ ಬಲೆಯನ್ನು ಬಿಚ್ಚಬೇಕು. ನಮ್ಮ ಕಡೆ ಮದುವೆ ಚಪ್ಪರಕ್ಕೆ ಹಾಕಿದ ಅಡಿಕೆ ದಬ್ಬೆಯನ್ನು ಬಿಚ್ಚಿ ಮುಂದಿನ ಮನೆಗೆ ಕೊಡುವುದಿಲ್ವಾ, ಹಾಗೆ. ಎಳೆ ಹಳತಾದಂತೆ ಅದರ ಕಣಗಳಿಗೆ ಅಂಟಿಕೊಂಡ ಎಟಿಪಿ ಎಂಬ ಶಕ್ತಿಯ ಅಣು ಒಂದು ಫಾಸ್ಫೇಟ್ ಕಳೆದುಕೊಂಡು ಎಡಿಪಿಯಾಗುತ್ತದೆ. ಕೋಫಿಲಿನ್ ಎಂಬ ಪ್ರೋಟೀನ್ ಅಂಥ ಹಳೆ ಎಳೆಯನ್ನೇ ಹುಡುಕಿ ತುಂಡರಿಸುತ್ತದೆ. ಬಿಡುಗಡೆಯಾದ ಕಣಗಳು ಮತ್ತೆ ಬಳಕೆಗೆ ಬರುತ್ತವೆ. ಕೋಫಿಲಿನ್ ಇಲ್ಲದಿದ್ದರೂ ಈಸ್ಟ್ ಬದುಕುವುದಿಲ್ಲ. ಕಟ್ಟುವುದನ್ನಷ್ಟೇ ಪಾಠ ಮಾಡಿ ಮುರಿಯುವುದನ್ನು ಬಿಟ್ಟರೆ ಅರ್ಧ ಕಥೆ ಹೇಳಿದ ಹಾಗೆ ಅನ್ನೋದು ನನ್ನ ಅಭಿಪ್ರಾಯ.

"ಈಸ್ಟ್ ಕಥೆ ನಮಗ್ಯಾಕೆ?" ಎಂದು ಯಾರಾದರೂ ಕೇಳಿದರೆ ಲಾಸ್17 ಹೆಸರನ್ನೇ ಹೇಳಿ. ಅದರ ಸಂಬಂಧಿ ವಾಸ್ಪ್ ಎಂಬ ಪ್ರೋಟೀನ್ ನಮ್ಮ ರಕ್ತಕಣಗಳಲ್ಲಿದೆ. ವಾಸ್ಪ್‌ನ ಜೀನ್ ಕೆಟ್ಟರೆ ಮಕ್ಕಳಿಗೆ, ಮುಖ್ಯವಾಗಿ ಗಂಡುಮಕ್ಕಳಿಗೆ, ವಿಸ್ಕಾಟ್-ಆಲ್ಡ್ರಿಚ್ ಕಾಯಿಲೆ ಬರುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾಗಿ ರಕ್ತಸ್ರಾವ, ಇಸುಬು, ಪದೇಪದೇ ಸೋಂಕು ಕಾಡುತ್ತವೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಆಕ್ಟಿನ್ ಕಾಣುವುದಿಲ್ಲ. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿದ ಫ್ಯಾಲಾಯ್ಡಿನ್ ಎಂಬ ವಿಷ ಅಣಬೆಯ ವಸ್ತು ಮತ್ತು ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಬೇಕು. ಆದರೆ ಅದರ ಪರಿಣಾಮವನ್ನು ತೋರಿಸಬಹುದು. ಉಪ್ಪು ಜಾಸ್ತಿಯಾದಾಗ ಈಸ್ಟಿನ ಆಕ್ಟಿನ್ ದಾರಿಗಳು ಸ್ವಲ್ಪ ಹೊತ್ತು ಕಳಚಿಹೋಗಿ ಮೊಗ್ಗಿನ ಬೆಳವಣಿಗೆ ನಿಲ್ಲುತ್ತದೆ. ಜೀವಕೋಶ ಹೊಂದಿಕೊಂಡ ಮೇಲೆ ದಾರಿಗಳು ಮತ್ತೆ ಮೂಡುತ್ತವೆ. ಎರಡು ಲೋಟ ಬೆಚ್ಚಗಿನ ಸಕ್ಕರೆ ನೀರಿಗೆ ಈಸ್ಟ್ ಹಾಕಿ, ಒಂದಕ್ಕೆ ಮಾತ್ರ ಉಪ್ಪು ಬೆರೆಸಿ. ಅರ್ಧ ಗಂಟೆಗೊಮ್ಮೆ ಎರಡರಿಂದಲೂ ಒಂದೊಂದು ಹನಿ ತೆಗೆದು, ನೂರು ಜೀವಕೋಶಗಳಲ್ಲಿ ಎಷ್ಟಕ್ಕೆ ಮೊಗ್ಗಿದೆ ಎಂದು ಮಕ್ಕಳೇ ಎಣಿಸಲಿ. ಉಪ್ಪು ಬೇರೆ ರೀತಿಯಲ್ಲೂ ಈಸ್ಟಿಗೆ ಕಷ್ಟ ಕೊಡುತ್ತದೆ, ಅದನ್ನೂ ತಿಳಿಸಿ. ಮಳೆಗಾಲದ ಚಳಿಯಲ್ಲಿ ಈಸ್ಟ್ ನಿಧಾನ. ಲೋಟಗಳನ್ನು ಒಲೆಯ ಹತ್ತಿರ ಇಡಿ.