ಅಪ್ಪನ ಪಿಸ್ತೂಲು, ಅಜ್ಜನ ಲೈಸೆನ್ಸ್ ಪುಸ್ತಕ

ಪ್ರಿಯ ಓದುಗರೇ,

ಸಂಡೂರಿನಿಂದ ನೀವು ಬರೆದ ಪತ್ರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ವಿಷಯ ಇಷ್ಟು: ನಿಮ್ಮ ಅಜ್ಜ 1952ರಲ್ಲಿ ಮದ್ರಾಸಿನಲ್ಲಿ ಒಂದು ಸಣ್ಣ ಪಿಸ್ತೂಲು ಕೊಂಡರು. ಅವರ ನಂತರ ಲೈಸೆನ್ಸ್ ನಿಮ್ಮ ತಂದೆಯ ಹೆಸರಿಗೆ ಬಂತು. ತಂದೆ ಏಳು ತಿಂಗಳ ಹಿಂದೆ ತೀರಿಕೊಂಡರು. ಪಿಸ್ತೂಲು ಈಗ ಅಲ್ಮೇರಾದಲ್ಲಿ, ಅವ್ವನ ಸೀರೆಗಳ ಕೆಳಗೆ ಇದೆ. ಇದು ಅಪರೂಪದ್ದಾ? ಇಟ್ಟುಕೊಳ್ಳಬಹುದಾ? ಇಂಥವೇ ಇನ್ನೂ ನಾಲ್ಕೈದು ಕೂಡಿಸಬಹುದಾ? ಇವು ನಿಮ್ಮ ಪ್ರಶ್ನೆಗಳು.

ಮೊದಲು ಅಲ್ಮೇರಾದ ಮಾತು. ಮ್ಯಾಗಜಿನ್, ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಪೆಟ್ಟಿಗೆ, ತೆಗೆದು ನೋಡಿದೆ, ಖಾಲಿ ಇದೆ ಎಂದು ಬರೆದಿದ್ದೀರಿ. ಅಷ್ಟು ಸಾಲದು. ಮ್ಯಾಗಜಿನ್ ಹೊರಗಿದ್ದರೂ ನಳಿಗೆಯ ಬುಡದಲ್ಲಿ ಒಂದು ಗುಂಡು ಕೂತಿರಬಹುದು. ನಿಮ್ಮ ಪಿಸ್ತೂಲಿನಲ್ಲಿ ಮ್ಯಾಗಜಿನ್ ಇಲ್ಲದಾಗ ಗುಂಡು ಹಾರದಂತೆ ತಡೆಯುವ ಏರ್ಪಾಡು ಇದೆ, ನಿಜ. ಆದರೆ ಎಪ್ಪತ್ತು ವರ್ಷ ದಾಟಿದ ಸ್ಪ್ರಿಂಗನ್ನು ನಂಬಿ ಮನೆಮಂದಿಯನ್ನು ಅಪಾಯಕ್ಕೆ ಒಡ್ಡಬೇಡಿ. ಇನ್ನು ಮುಂದೆ ಅದನ್ನು ಮುಟ್ಟಬೇಡಿ. ಮಕ್ಕಳ ಕೈಗೆ ಸಿಗದಂತೆ ಅಲ್ಮೇರಾಕ್ಕೆ ಬೀಗ ಹಾಕಿಡಿ.

ಈಗ ಅದು ಏನು ಎಂಬುದು. ಪಕ್ಕದಲ್ಲಿ ಬೆಲ್ಜಿಯಂನ ಹೆರ್ಸ್ಟಾಲ್ ಕಾರ್ಖಾನೆಯ ಹೆಸರಿದೆ, 7.65 ಎಂಬ ಅಂಕಿ ಇದೆ, ಮೂತಿಯ ಸುತ್ತ ಗರಗರ ಗೆರೆಯ ಬಳೆ ಇದೆ, ಹಿಡಿಯ ಹಿಂಬದಿಯಲ್ಲಿ ಒತ್ತಿದರೆ ಒಳಹೋಗುವ ಪಟ್ಟಿ ಇದೆ ಎಂದಿದ್ದೀರಿ. ಇಷ್ಟು ನೋಡಿದರೆ ಅದು ಬ್ರೌನಿಂಗ್ 1910 ಮಾದರಿ. 7.65 ಎಂದರೆ ಮಿಲಿಮೀಟರಿನಲ್ಲಿ ಗುಂಡಿನ ಅಳತೆ, ನಮ್ಮಲ್ಲಿ ಪಾಯಿಂಟ್ ಮೂವತ್ತೆರಡು ಎನ್ನುವುದು ಅದನ್ನೇ. ಜಾನ್ ಬ್ರೌನಿಂಗ್ ಎಂಬ ಅಮೆರಿಕದವನ ಕೆಲಸ. ಅವನು ಸ್ಪ್ರಿಂಗನ್ನು ನಳಿಗೆಯ ಸುತ್ತಲೇ ಸುತ್ತಿದ. ಅದರಿಂದ ಪಿಸ್ತೂಲು ತೆಳ್ಳಗಾಯಿತು, ಕೋಟಿನ ಜೇಬಿಗೆ ಸಿಕ್ಕಿಕೊಳ್ಳದಷ್ಟು ನುಣುಪಾಯಿತು. ಉದ್ದ ಹೆಚ್ಚುಕಡಿಮೆ ಆರು ಇಂಚು, ತೂಕ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದದ್ದು ಇದೇ ಮಾದರಿ, ಗುಂಡಿನ ಅಳತೆ ಮಾತ್ರ ಬೇರೆ. ಮೊದಲ ಮಹಾಯುದ್ಧಕ್ಕೆ ಆ ಗುಂಡು ನೆಪವಾಯಿತು.

ಆದರೆ ಅಪರೂಪವಾ? ನಿಮಗೆ ಬೇಸರವಾದರೂ ಹೇಳಬೇಕು, ಜಗತ್ತಿನ ಲೆಕ್ಕದಲ್ಲಿ ಅಲ್ಲ. ಈ ಮಾದರಿ 1980ರ ದಶಕದವರೆಗೂ ತಯಾರಾಗುತ್ತಿತ್ತು. ನಮ್ಮ ದೇಶದಲ್ಲಿ ಮಾತ್ರ ಕಥೆ ಬೇರೆ. 1980ರ ದಶಕದ ನಡುವಿನಿಂದ ಜನಸಾಮಾನ್ಯರಿಗೆ ವಿದೇಶಿ ಆಯುಧದ ಆಮದು ನಿಂತಿತು. ಒಳಗಿದ್ದವೇ ಕೈಯಿಂದ ಕೈಗೆ ಹೋಗುತ್ತಿವೆ. ಅದಕ್ಕೇ ಇಂಥವಕ್ಕೆ ಲಕ್ಷಗಳ ಮಾತು.

ಆ ಲಕ್ಷಗಳ ಆಸೆ ತೋರಿಸಿ ಒಬ್ಬರು ಮನೆಗೆ ಬಂದಿದ್ದರು, ನಗದು ಕೊಡುತ್ತೇನೆ ಎಂದರು ಎಂದಿದ್ದೀರಿ. ಅವರನ್ನು ಬಾಗಿಲಿಂದಲೇ ಕಳಿಸಿ. ಇವತ್ತು ಮಾರುವ ಹಕ್ಕು ನಿಮಗಿಲ್ಲ. ಲೈಸೆನ್ಸ್ ಇದ್ದವರು ಕೂಡ ಇನ್ನೊಬ್ಬ ಲೈಸೆನ್ಸುದಾರನಿಗೆ ಮಾರಬೇಕಾದರೆ ಮೊದಲು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಹೆದರಿಸಲು ಹೇಳುತ್ತಿಲ್ಲ. ಲೈಸೆನ್ಸ್ ತಂದೆಯವರದಾಗಿತ್ತು, ಮನೆಯದಲ್ಲ. ಈ ವ್ಯತ್ಯಾಸ ಬಹಳ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಏಳು ತಿಂಗಳು ತಡವಾಗಿದೆ, ಇನ್ನೂ ತಡ ಬೇಡ. ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ. ಮೊದಲ ಸಲ ಬರಿಗೈಯಲ್ಲಿ ಹೋಗಿ, ಪಿಸ್ತೂಲನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ. ಮರಣ ಪ್ರಮಾಣಪತ್ರ, ಲೈಸೆನ್ಸ್ ಪುಸ್ತಕದ ನಕಲು, ಒಂದು ಅರ್ಜಿ ಕೊಡಿ. ಹೇಗೆ ತಂದು ಒಪ್ಪಿಸಬೇಕೆಂದು ಅವರೇ ಹೇಳುತ್ತಾರೆ. ಒಪ್ಪಿಸಿದ ಮೇಲೆ ನಂಬರ್ ಸಹಿತ ರಸೀದಿ ಪಡೆಯದೆ ಎದ್ದು ಬರಬೇಡಿ. ಚುನಾವಣೆ ಬಂದಾಗೆಲ್ಲ ತಂದೆಯವರು ಹೀಗೇ ಇಟ್ಟು ಬಿಡಿಸಿಕೊಂಡಿರುತ್ತಾರೆ, ಹಳೆಯ ರಸೀದಿಗಳು ಪುಸ್ತಕದ ನಡುವೆ ಸಿಕ್ಕಬಹುದು, ಹುಡುಕಿ. ಆಮೇಲೆ ವಾರಸುದಾರರಾಗಿ ಡಿ.ಸಿ. ಆಫೀಸಿಗೆ ಅರ್ಜಿ ಹಾಕಿ. ಅಕ್ಕ, ತಮ್ಮ, ಅವ್ವ ಎಲ್ಲರ ಒಪ್ಪಿಗೆ ಬರೆಸಿಕೊಳ್ಳಿ. ಲೈಸೆನ್ಸ್ ಕೈಗೆ ಬಂದ ಮೇಲೆ ಪಿಸ್ತೂಲು ವಾಪಸ್ ಪಡೆಯಬಹುದು.

ಹಳೇ ಕಾಲದ್ದಲ್ವಾ, ಲೈಸೆನ್ಸ್ ಯಾಕೆ ಎಂದೂ ಕೇಳಿದ್ದೀರಿ. ರಿಪೇರಿ ಮಾಡಿದರೂ ಸಿಡಿಯದಂಥ ಹಳೆಯ ಆಯುಧಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ನಿಮ್ಮದು ಸಿಡಿಯುತ್ತದೆ. ಕೊಡಗಿನ ಕೆಲವರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿ ನಮ್ಮ ಬಳ್ಳಾರಿಗೆ ಇಲ್ಲ.

ಇನ್ನು ಸಂಗ್ರಹ. 2019ರವರೆಗೆ ಒಬ್ಬರು ಮೂರು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ವಾರಸಾಗಿ ಬಂದದ್ದೂ ಆ ಲೆಕ್ಕದಲ್ಲೇ ಸೇರುತ್ತದೆ. ನೀವು ಆಸೆಪಟ್ಟ ವಾಲ್ಥರ್ ಪಿ.ಪಿ.ಕೆ., ವೆಬ್ಲಿ, ಮೌಸರ್ ಎಲ್ಲ ಒಂದೇ ಮನೆಗೆ ಬರುವಂತಿಲ್ಲ. ನಾಣ್ಯ ಕೂಡಿಸಿದ ಹಾಗೆ ಪಿಸ್ತೂಲು ಕೂಡಿಸಲಾಗದು. ನೋಡುವ ಹಂಬಲವಿದ್ದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ ಬನ್ನಿ. ಅಲ್ಲಿ ಆಯುಧಗಳಿಗೇ ಒಂದು ವಿಭಾಗವಿದೆ.

ಒಂದು ಮಾತು ಮಾತ್ರ ಕೈಮುಗಿದು ಕೇಳುತ್ತೇನೆ, ಅದನ್ನು ಉಜ್ಜಬೇಡಿ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ರಿವಾಲ್ವರ್ ಇತ್ತು. ಹಬ್ಬಕ್ಕೆ ಫಳಫಳ ಹೊಳೆಯಲಿ ಎಂದು ಯಾರೋ ಉಪ್ಪುಕಾಗದ ಹಾಕಿ ತಿಕ್ಕಿದರು. ಕಾರ್ಖಾನೆಯ ನೀಲಿ ಬಣ್ಣ ಹೋಯಿತು. ನಂಬರಿನ ಎರಡು ಅಂಕಿ ಸವೆದವು. ನಂಬರ್ ಅಳಿದ ಆಯುಧ ಇಟ್ಟುಕೊಳ್ಳುವುದೇ ಅಪರಾಧ. ದೊಡ್ಡಪ್ಪ ಅದಕ್ಕಾಗಿ ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದೆ ಪಿಸ್ತೂಲು ನಿಮ್ಮ ಕೈಗೆ ಬಂದಾಗ ತೆಳು ಎಣ್ಣೆಯಲ್ಲಿ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಅಂಟುಗಟ್ಟುತ್ತದೆ. ಚರ್ಮದ ಚೀಲದಲ್ಲೂ ಇಡಬೇಡಿ, ಚರ್ಮ ಪಸೆ ಹಿಡಿದು ತುಕ್ಕು ತರಿಸುತ್ತದೆ. ಚೀಲವನ್ನು ಬೇರೆಯೇ ಇಡಿ.

ಪತ್ರದ ಕೊನೆಯಲ್ಲಿ ನೀವು ಸುಮ್ನೆ ಒಂದು ಸಾಲು ಬರೆದಿದ್ದೀರಿ: ಅಜ್ಜನ ಮೊದಲ ಲೈಸೆನ್ಸ್ ಪುಸ್ತಕವೂ ಇದೆ, ಅದರಲ್ಲಿ ಮದ್ರಾಸ್ ಸರ್ಕಾರದ ಮುದ್ರೆ ಇದೆ, ಹುಳು ತಿಂದಿದೆ, ಬಿಸಾಡಬೇಕೆಂದಿದ್ದೇನೆ. ದಯವಿಟ್ಟು ಬಿಸಾಡಬೇಡಿ! ನೀವು ಕೇಳಿದ ಅಪರೂಪ ಅದೇ. ನಿಮ್ಮ ಸಂಡೂರು 1949ರವರೆಗೆ ಬೇರೆ ಸಂಸ್ಥಾನವಾಗಿತ್ತು. ಆಮೇಲೆ ಮದ್ರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು. ಮದ್ರಾಸಿನ ಆ ನಾಲ್ಕು ವರ್ಷದ ಸಂಡೂರಿನ ಕಾಗದ ಎಷ್ಟು ಮನೆಗಳಲ್ಲಿ ಉಳಿದಿದ್ದೀತು? ಬ್ರೌನಿಂಗ್ ಪಿಸ್ತೂಲು ಇನ್ನೊಂದು ಸಿಕ್ಕೀತು, ನಿಮ್ಮ ಅಜ್ಜನ ಸಹಿ ಇರುವ ಆ ಪುಟ ಇನ್ನೊಂದು ಸಿಗದು. ಬಿಸಿಲಿಗೆ ಹಿಡಿಯದೆ, ಟೇಪು ಅಂಟಿಸದೆ, ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ.

ಮುದ್ರೆ ಇರುವ ಪುಟದ ಒಂದು ಫೋಟೋ ಕಳಿಸಿದರೆ, ಹೆಸರು ಮತ್ತು ನಂಬರ್ ಮುಚ್ಚಿ, ಮುಂದಿನ ಸಂಚಿಕೆಯಲ್ಲಿ ದೊಡ್ಡದಾಗಿ ಅಚ್ಚು ಹಾಕುತ್ತೇವೆ. ಅವ್ವನಿಗೆ ನಮಸ್ಕಾರ ತಿಳಿಸಿ.

— ಸಂಪಾದಕ